ಅಕ್ಕನ ಬದಲಿಗೆ ನಾನು ಹೇಳಿದ ಬೇಡ

ನಮ್ಮ ಕಡೆ ಯಾರ ಮನೆಗಾದರೂ ಹೋದಾಗ ಕಾಫಿ ಕುಡೀರಿ ಅಂದರೆ ಮೊದಲು ಬೇಡ ಅನ್ನಬೇಕು. ಎರಡನೇ ಸಲ ಕೇಳಿದಾಗ ಈಗ ತಾನೇ ಕುಡಿದು ಬಂದೆವು ಅನ್ನಬೇಕು, ಕುಡಿದಿರದಿದ್ದರೂ. ಮೂರನೇ ಸಲ ಮನೆಯೊಡತಿ ಲೋಟ ಹಿಡಿದುಕೊಂಡೇ ಎದುರು ಬಂದು ನಿಂತಾಗ, ಇಷ್ಟೊಂದು ಬಲವಂತ ಮಾಡ್ತೀರಲ್ಲ ಎಂದು ಸಂಕೋಚದ ಮುಖ ಮಾಡಿ ಇಸಿದುಕೊಳ್ಳಬೇಕು. ಮೊದಲನೇ ಸಲಕ್ಕೇ ಹೂಂ ಅಂದವನನ್ನು ಊರು ಹೊಟ್ಟೆಬಾಕ ಎಂದು ನೆನಪಿಟ್ಟುಕೊಳ್ಳುತ್ತದೆ. ದಾವಣಗೆರೆಯ ಹೈಸ್ಕೂಲೊಂದರಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದ ಬಕ್ಕೇಶಪ್ಪ ಎಂಬ ನಾನು ಈ ವಿದ್ಯೆಯಲ್ಲಿ ಚೆನ್ನಾಗಿ ಪಳಗಿದವನು. ಬೀಗರ ಮನೆಯಲ್ಲಿ ಹೋಳಿಗೆಗೆ ಐದನೇ ಸಲದವರೆಗೂ ತಡೆದುಕೊಂಡವನು. ಆ ಪರದೇಶದ ಪಟ್ಟಣದಲ್ಲಿ ಒಂದು ಹಗಲು ಕಳೆಯುವವರೆಗೂ ಇದನ್ನು ನಾನು ಮರ್ಯಾದೆ ಎಂದೇ ತಿಳಿದಿದ್ದೆ.

ನನ್ನ ಜೊತೆ ಬಂದಿದ್ದವಳು ಅಕ್ಕ, ಕೊಟ್ರಮ್ಮ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಮೂವತ್ತಕ್ಕೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು ನೆಟ್ಟಗೆ ಅಡುಗೆಮನೆಗೆ ಹೋದಳು. ಮುಂದೆ ಮೂವತ್ತನಾಲ್ಕು ವರ್ಷ ಅಲ್ಲಿಂದ ಹೊರಗೇ ಬರಲಿಲ್ಲ ಅಂದರೂ ತಪ್ಪಿಲ್ಲ. ನನ್ನ ಹೆಂಡತಿ ಇದ್ದಾಗಲೂ ಒಲೆ ಅಕ್ಕನದೇ ಆಗಿತ್ತು. ಹೆಂಡತಿ ತೀರಿಕೊಂಡ ಮೇಲಂತೂ ಈ ಮನೆಯೇ ಅಕ್ಕನದು ಎಂದು ನಾನು ನಾಲ್ಕು ಜನರೆದುರು ಹೇಳಿಕೊಳ್ಳುತ್ತಿದ್ದೆ. ಆದರೆ ಅವಳಿಗೇನು ಬೇಕು ಎಂದು ನಮ್ಮಲ್ಲಿ ಯಾರೂ ಕೇಳಿದವರಿಲ್ಲ. ಕೇಳಿದರೂ ಉತ್ತರ ಹೇಳುತ್ತಿದ್ದವನು ಅಪ್ಪ. ಮರುಮದುವೆಯ ಮಾತು ಬಂದಾಗ, "ಅವಳಿಗೆ ಅವೆಲ್ಲ ಬ್ಯಾಡ ಬಿಡ್ರಿ" ಅಂದವನೂ ಅಪ್ಪನೇ. ಅಪ್ಪನ ನಂತರ ಆ ಕೆಲಸ ನನಗೆ ಬಂತು. ನಿವೃತ್ತನಾದ ವರ್ಷ, ಅಕ್ಕ ಒಂದು ಸಲವಾದರೂ ಸಮುದ್ರ ನೋಡಲಿ ಎಂದು ಹಡಗಿನ ಪ್ರವಾಸಕ್ಕೆ ಇಬ್ಬರ ಹೆಸರು ಬರೆಸಿದೆ. ದಾರಿಯಲ್ಲಿ ಹಡಗು ಆ ಪಟ್ಟಣದಲ್ಲಿ ಒಂದು ದಿನ ನಿಲ್ಲುತ್ತಿತ್ತು. ಬೆಳಗ್ಗೆ ಏಳಕ್ಕೆ ಇಳಿದವರು ಸಂಜೆ ಆರಕ್ಕೆ ಹತ್ತಬೇಕು. ಅಕ್ಕ ತೀರಿಕೊಂಡು ಈಗ ಎರಡು ವರ್ಷ. ಇಷ್ಟು ದಿನ ಯಾರು ಕೇಳಿದರೂ, ಏನೋ ಗೋಪುರ ನೋಡಿದೆವು, ಊಟ ಮಾಡಿದೆವು ಎಂದು ಮಾತು ಮುಗಿಸುತ್ತಿದ್ದೆ. ಹಾಗೆ ಮುಗಿಸಿ ಮುಗಿಸಿ ಸಾಕಾಗಿದೆ.

ಬಂದರಿನಲ್ಲಿ ನಮಗಾಗಿ ಕಾಯುತ್ತಿದ್ದ ಮಾರ್ಗದರ್ಶಿಯ ಹೆಸರು ತಮೀರಾ. ನಲವತ್ತರ ಹೆಂಗಸು, ಬಿಳಿ ಬಟ್ಟೆ, ಕಾಲಿಗೆ ಗಟ್ಟಿ ಬೂಟು. ಅವಳು ನಿಂತಲ್ಲೇ ಕನ್ನಡ ಮಾತಾಡಿದ್ದು ಕೇಳಿ ನಾವಿಬ್ಬರೂ ತಬ್ಬಿಬ್ಬಾದೆವು. ಹಿಂದೆ ಯಾವುದೋ ಹಡಗಿನಿಂದ ಇಳಿದ ಕನ್ನಡದ ಮೇಷ್ಟ್ರೊಬ್ಬರು ವಾಪಸು ಹತ್ತದೆ ಅಲ್ಲೇ ಉಳಿದುಬಿಟ್ಟರಂತೆ, ಅವರಿಂದ ಕಲಿತಿದ್ದಳು. ಹಾಗಾಗಿ ಅವಳ ಕನ್ನಡ ಪಾಠಪುಸ್ತಕದ್ದು. "ಮಾನ್ಯರೇ, ಒಂದು ವಿನಂತಿ. ಈ ಊರಿನಲ್ಲಿ 'ಬೇಡ' ಎಂಬುದನ್ನು ಯೋಚಿಸಿ ನುಡಿಯಿರಿ" ಅಂದಳು. ನಾನು ಆಗಲಿ ಎಂದು ತಲೆಯಾಡಿಸಿದೆ. ಪ್ರವಾಸದವರು ಇಂಥ ಸೂಚನೆಗಳನ್ನು ಹೇಳುತ್ತಲೇ ಇರುತ್ತಾರೆ, ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಬಂದರಿನ ಹೊರಗೆ ಹೆಂಗಸರು ಬುಟ್ಟಿ ತುಂಬ ಹಳದಿ ಹಣ್ಣು ಇಟ್ಟುಕೊಂಡು ಕೂತಿದ್ದರು. ಒಬ್ಬಳು ಎದ್ದು ಬಂದು ಎರಡು ಹಣ್ಣು ಚಾಚಿದಳು. ಬಂದವರಿಗೆ ಉಚಿತವಂತೆ. "ಬ್ಯಾಡಮ್ಮ, ಈಗ ತಾನೇ ತಿಂಡಿ ಆತು" ಅಂದು ಎರಡನೇ ಬಲವಂತಕ್ಕೆ ಕಾಯುತ್ತ ನಿಂತೆ. ಅವಳ ಕೈಯಲ್ಲಿ ಹಣ್ಣಿರಲಿಲ್ಲ. ಬುಟ್ಟಿಯಲ್ಲೂ ಇರಲಿಲ್ಲ. ಆ ಸಾಲಿನುದ್ದಕ್ಕೂ ಹೆಂಗಸರು ಖಾಲಿ ಬುಟ್ಟಿಗಳ ಮುಂದೆ ಕೂತು ನೊಣ ಓಡಿಸುತ್ತಿದ್ದರು. ಪಕ್ಕದಲ್ಲಿ ಅಕ್ಕ ಬರಿಗೈಯನ್ನು ಬಾಯಿಗೊಯ್ದು ಏನನ್ನೋ ಕಚ್ಚುತ್ತಿದ್ದಳು, ಮೊಣಕೈವರೆಗೆ ಒದ್ದೆಯಾಗಿತ್ತು.

"ಎಷ್ಟ್ ಸಿಹಿ ಐತೆ ಗೊತ್ತೇನೋ. ನೀನ್ಯಾಕೋ ಬ್ಯಾಡ ಅಂದಿ?"

"ಎರಡನೇ ಸಲ ಕೇಳ್ತಾಳೆ ಅಂತ ಮಾಡಿದ್ದೆ" ಅಂದೆ. ತಮೀರಾ ತುಟಿ ಬಿಗಿಹಿಡಿದು ನಕ್ಕಳು.

ಬೇಡ ಅಂದದ್ದು ಅಂದವರ ಪಾಲಿಗೆ ಮಾತ್ರ ಇಲ್ಲವಾಗುವ ಈ ವ್ಯವಸ್ಥೆಗೆ ಊರಿನವರು ಒಗ್ಗಿಕೊಂಡ ರೀತಿಯೇ ಒಂದು ನೋಡುವಂಥದ್ದು. ಬೇಡ ಎಂಬ ಮಾತು ಅಲ್ಲಿ ಕಿವಿಗೆ ಬೀಳುತ್ತಲೇ ಇರಲಿಲ್ಲ. ಯಾರನ್ನು ಏನು ಕೇಳಿದರೂ ನಾಳೆ ನೋಡೋಣ, ಬೇಸಿಗೆ ಕಳೆಯಲಿ, ಮನೆಯಲ್ಲಿ ಕೇಳಿ ಬರುತ್ತೇನೆ ಎನ್ನುವರು. ಬಟ್ಟೆ ಅಂಗಡಿಯವನು ಗಿರಾಕಿಯ ಮುಂದೆ ಸೀರೆಯಂಥದ್ದನ್ನು ಹರವಿ, "ದಯಮಾಡಿ ಉತ್ತರ ಹೇಳದೆ ನೋಡಿಕೊಂಡು ಹೋಗಿ" ಎಂದು ಕೈಮುಗಿಯುತ್ತಿದ್ದ. ತಾಯಂದಿರು ಮಕ್ಕಳಿಗೆ ತುತ್ತಿಡುವಾಗ ಮಗು ಬಾಯಿ ತೆರೆಯುವ ಮೊದಲೇ ತಮ್ಮ ಕೈ ಅಡ್ಡ ಹಿಡಿಯುತ್ತಿದ್ದರು, ತಪ್ಪು ಮಾತು ಹೊರಗೆ ಬಂದೀತೆಂದು. ಬೇಕರಿಯೊಂದರಲ್ಲಿ ಇಬ್ಬರು ಮುದುಕರು ಒಂದೇ ಹಲಗೆಯ ಮೇಲೆ ಹಿಟ್ಟು ನಾದುತ್ತಿದ್ದರು. ಅಣ್ಣ ತಮ್ಮಂದಿರು. ಇಪ್ಪತ್ತು ವರ್ಷದ ಹಿಂದೆ ಜಗಳವಾಗಿ, ಬಾ ಊಟಕ್ಕೆ ಎಂದು ಅಣ್ಣ ಕರೆದಾಗ ತಮ್ಮ ಬೇಡ ಅಂದನಂತೆ. ಅಂದಿನಿಂದ ತಮ್ಮನಿಗೆ ಅಣ್ಣ ಕಾಣುವುದಿಲ್ಲ, ಅವನ ದನಿಯೂ ಕೇಳುವುದಿಲ್ಲ. ಅಣ್ಣನಿಗೆ ತಮ್ಮ ಕಾಣುತ್ತಾನೆ. ತಮ್ಮನ ಹೆಂಡತಿ ನಡುವೆ ನಿಂತು, ಈಗ ಉಪ್ಪು ಹಾಕಿದರು, ಈಗ ಎಡಕ್ಕೆ ಸರಿದರು ಎಂದು ಹೇಳುತ್ತಿದ್ದಳು. ತಮ್ಮ ಎಡಕ್ಕೆ ಜಾಗ ಬಿಡುತ್ತಿದ್ದ. "ಬ್ರೆಡ್ ಉತ್ತಮವಾಗಿರುತ್ತದೆ" ಅಂದಳು ತಮೀರಾ. ಅಕ್ಕ ಆ ಹೆಂಡತಿಯನ್ನೇ ಬಹಳ ಹೊತ್ತು ನೋಡಿದಳು.

ಇಷ್ಟಾದ ಮೇಲೂ ನನಗೆ ಬುದ್ಧಿ ಬರಲಿಲ್ಲ. ಊರ ನಡುವೆ ಕೆಂಪು ಕಲ್ಲಿನ ಗೋಪುರವಿತ್ತು. ಮುನ್ನೂರ ಹನ್ನೆರಡು ಮೆಟ್ಟಿಲು, ಹತ್ತುವಿರಾ ಎಂದು ತಮೀರಾ ಕೇಳಿದಳು. "ಈ ಮೊಣಕಾಲ್ನಾಗೆ ಯಾರ್ ಹತ್ತುತಾರೆ, ಬ್ಯಾಡ" ಎಂದು ಬಾಯಿ ಜಾರಿತು. ಗೋಪುರದ ಜಾಗದಲ್ಲಿ ಬರೀ ಆಕಾಶ ಉಳಿಯಿತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಚಪ್ಪಲಿ ಬಿಟ್ಟಳು, ಗಾಳಿಯಲ್ಲಿ ಕಾಲಿಟ್ಟು ಹತ್ತತೊಡಗಿದಳು. ಸುತ್ತಿ ಸುತ್ತಿ ಮೇಲೆ ಹೋದಳು. ಅಲ್ಲಲ್ಲಿ ಆಕಾಶದಲ್ಲೇ ಕೂತು ಸುಧಾರಿಸಿಕೊಂಡಳು. ತುದಿ ಮುಟ್ಟಿದಾಗ ಪಾರಿವಾಳಗಳ ನಡುವೆ ಹಸಿರು ಸೀರೆಯ ಒಂದು ಚುಕ್ಕೆ ಅಷ್ಟೇ ಕಾಣುತ್ತಿತ್ತು. ಅಲ್ಲಿಂದ ನನ್ನ ಹೆಸರು ಹಿಡಿದು ಕೂಗಿದಳು. ಬೀದಿಯಲ್ಲಿ ಅಕ್ಕ ದನಿ ಎತ್ತಿದ್ದನ್ನು ಹುಟ್ಟಿದಾಗಿನಿಂದ ನಾನು ಕೇಳಿರಲಿಲ್ಲ. ಇಳಿದು ಬಂದ ಮೇಲೆ ಮಾತೇ ನಿಲ್ಲಲಿಲ್ಲ. ಅಷ್ಟು ದೊಡ್ಡ ಸಮುದ್ರವಂತೆ, ನಮ್ಮ ಹಡಗು ಬೆಂಕಿಪೊಟ್ಟಣದಷ್ಟಾಗಿತ್ತಂತೆ, ಹೆಂಚಿನ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರಂತೆ. ಅವಳ ಸಂತೋಷ ನೋಡಿ ನನಗೆ ಸಂತೋಷವಾಯಿತು, ಜೊತೆಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು. ಈಗ ಮುಚ್ಚಿಟ್ಟು ಏನಾಗಬೇಕು?

ಊಟಕ್ಕೆ ಕರೆದುಕೊಂಡು ಹೋದದ್ದು ಸಮುದ್ರದ ಪಕ್ಕದ ಒಂದು ಸಣ್ಣ ಹೋಟೆಲಿಗೆ. ಐದು ಮೇಜು, ಹಿಂದೆ ತೆರೆದ ಅಡುಗೆಮನೆ, ಮೇಲೆ ಮಹಡಿ. ನಡೆಸುತ್ತಿದ್ದವನು ಬೆರ್ನೂಶ್ ಎಂಬಾತ. ಅರವತ್ತು ದಾಟಿದವನು, ಹೆಂಡತಿ ಇಲ್ಲ, ಹುಬ್ಬಿನ ಮೇಲೆಲ್ಲ ಹಿಟ್ಟು. ನಾವು ಮಾಂಸ ಮೀನು ಮುಟ್ಟುವುದಿಲ್ಲ ಎಂದು ತಮೀರಾ ಹೇಳಿದ್ದಕ್ಕೆ ಅವರೆಕಾಳಿನಂಥ ಕಾಳಿನ ಪಲ್ಯ, ಹುಳಿ ಸೊಪ್ಪಿನ ಸಾರು, ಸುಟ್ಟ ಬದನೆಕಾಯಿಯ ಗೊಜ್ಜು, ಗಟ್ಟಿ ಮೊಸರು, ಬೆಲ್ಲದಲ್ಲಿ ಬೇಯಿಸಿದ ಕುಂಬಳಕಾಯಿ, ಎಲ್ಲ ಮಾಡಿಟ್ಟಿದ್ದ. ರೊಟ್ಟಿ ಮಾತ್ರ ಅವನ ಕೈಯಲ್ಲಿ ಹರಿದು ಹರಿದು ಹೋಗುತ್ತಿತ್ತು. ಹಿಟ್ಟು ನೋಡಿದರೆ ನಮ್ಮ ಜೋಳದ ಹಿಟ್ಟಿನ ಹಾಗೇ ಇತ್ತು. ಅಕ್ಕ ಎರಡು ನಿಮಿಷ ಕೂತಲ್ಲೇ ಚಡಪಡಿಸಿದಳು. ಆಮೇಲೆ ಎದ್ದು ಒಳಗೆ ಹೋಗಿ, ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಬಿಸಿನೀರು ಹಾಕಿ ಹಿಟ್ಟು ನಾದಿ, ಹಲಗೆಯ ಮೇಲೆ ರೊಟ್ಟಿ ಬಡಿಯತೊಡಗಿದಳು.

ಆ ಸದ್ದಿಗೆ ಊಟ ಮಾಡುತ್ತಿದ್ದವರು ತಲೆಯೆತ್ತಿದರು. ರೊಟ್ಟಿ ಅವಳ ಅಂಗೈ ಕೆಳಗೆ ತಿರುಗುತ್ತ ಅಗಲವಾಗುವುದನ್ನು ಬೆರ್ನೂಶ್ ಉಸಿರು ಹಿಡಿದು ನೋಡಿದ. ಮೊದಲನೆಯದು ಹೆಂಚಿನ ಮೇಲೆ ಉಬ್ಬಿದಾಗ ಇಬ್ಬರೂ ನಕ್ಕರು. ಅವನಿಗೆ ಇವಳ ಭಾಷೆ ಬಾರದು, ಇವಳಿಗೆ ಅವನದು ಬಾರದು. ಆದರೂ, "ಹಂಗಲ್ಲ ಮಾರಾಯ, ನೀರು ಸವರು, ನೀರು" ಎಂದು ಅಕ್ಕ ಬೈದರೆ ಅವನು ಸರಿಯಾಗಿ ನೀರೇ ಸವರುತ್ತಿದ್ದ. ಇಪ್ಪತ್ತು ರೊಟ್ಟಿ ಆದ ಮೇಲೆ ಅವನು ಅವಳ ಕೈಯಿಂದ ಹಿಟ್ಟಿನ ಉಂಡೆ ಕಿತ್ತುಕೊಂಡು, ಭುಜ ಹಿಡಿದು ಕರೆತಂದು ಮೇಜಿನ ಮುಂದೆ ಕೂರಿಸಿದ. ಪಕ್ಕದಲ್ಲಿ ನಿಂತು ಒಂದೊಂದಾಗಿ ಬಡಿಸಿದ. ಪ್ರತಿಯೊಂದಕ್ಕೂ ಅವಳ ಮುಖ ನೋಡುತ್ತಿದ್ದ, ಹಿಡಿಸಿತೇ ಎಂದು. ಅಕ್ಕ ಕೂತು, ಇನ್ನೊಬ್ಬರು ಬಡಿಸಿ, ಬಿಸಿಬಿಸಿಯಾಗಿ ಉಂಡದ್ದನ್ನು ನಾನು ನೋಡಿದ್ದು ಅವತ್ತೇ. ಮನೆಯಲ್ಲಿ ಅವಳದು ಯಾವಾಗಲೂ ಕೊನೆಯ ಪಂಕ್ತಿ, ಆರಿದ ಸಾರು. ಇತ್ತ ನಾನು ಪಲ್ಯ ಎರಡನೇ ಸಲ ಬಂದಾಗ ಸಾಕು ಎಂದೆ, ಪಲ್ಯ ತಟ್ಟೆಯಿಂದ ಹೋಯಿತು. ಗೊಜ್ಜಿಗೆ ಕೈ ಅಡ್ಡ ಹಿಡಿದೆ, ಗೊಜ್ಜೂ ಹೋಯಿತು. ಕೊನೆಗೆ ಮೊಸರಿನ ಬಟ್ಟಲೊಂದನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಬಾಯಿ ಮುಚ್ಚಿ ಕೂತೆ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಊಟವಾದ ಮೇಲೆ ಬೆರ್ನೂಶ್ ಕೈ ತೊಳೆದು, ಹುಬ್ಬು ಒರೆಸಿಕೊಂಡು ಬಂದು ಅಕ್ಕನ ಎದುರು ಕೂತ. ತಮೀರಾ ಅವನ ಮಾತನ್ನು ನಿಧಾನವಾಗಿ ಕನ್ನಡಕ್ಕೆ ತಂದಳು.

"ಅಮ್ಮಾ, ಇವರು ಹೇಳುತ್ತಿದ್ದಾರೆ. ಮುಂದಿನ ಹಡಗು ಆರು ತಿಂಗಳಿಗೆ ಬರುತ್ತದೆ. ಅಲ್ಲಿಯವರೆಗೆ ಇಲ್ಲಿರಿ. ಮೇಲೆ ಒಂದು ಕೋಣೆ ಇದೆ, ಕಿಟಕಿಯಿಂದ ಸಮುದ್ರ ಕಾಣುತ್ತದೆ. ನೀವು ರೊಟ್ಟಿ ಕಲಿಸಿ, ಇವರು ತಮಗೆ ತಿಳಿದದ್ದನ್ನು ಕಲಿಸುತ್ತಾರೆ. ಆರು ತಿಂಗಳ ಮೇಲೆ ಹೋಗಬೇಕೆನಿಸಿದರೆ ಹೋಗಿ. ಇರಬೇಕೆನಿಸಿದರೆ ಇರಿ. ನಿಮ್ಮ ಮನಸ್ಸು ಏನು ಎಂದು ಕೇಳುತ್ತಿದ್ದಾರೆ."

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು, ಒದ್ದೆಯೇ ಇಲ್ಲದ ಕೈ. ಕತ್ತು ಎತ್ತಿ ಮಹಡಿಯ ಮೆಟ್ಟಿಲ ಕಡೆ ನೋಡಿದಳು. ಮುಖ ಕೆಂಪಾಗಿತ್ತು. ಅರವತ್ತನಾಲ್ಕು ವರ್ಷಕ್ಕೆ ಮೊದಲ ಸಲ ಒಬ್ಬರು ಅವಳ ಮನಸ್ಸು ಕೇಳಿದ್ದರು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಹೇಳಿಬಿಟ್ಟೆ.

"ಅಯ್ಯೋ, ಬ್ಯಾಡ ಬಿಡ್ರಿ. ನಿಮಿಗ್ಯಾಕೆ ಸುಮ್ನೆ ತೊಂದ್ರೆ."

ತಮೀರಾ ಅದನ್ನು ಅವನಿಗೆ ಹೇಳಲಿಲ್ಲ. ಒಂದು ಕೈ ಎತ್ತಿ ಎಲ್ಲರನ್ನೂ ತಡೆದಳು. "ನಾನಿನ್ನೂ ಅನುವಾದಿಸಿಲ್ಲ" ಅಂದಳು. "ಅಮ್ಮಾ, ಇದು ನಿಮ್ಮ ಉತ್ತರವೇ? ನೀವು ಹೇಳಿದರೆ ಮಾತ್ರ ಉತ್ತರ."

ಅಕ್ಕ ನನ್ನ ಕಡೆ ತಿರುಗಿದಳು. ನಾನು ನಮ್ಮೂರ ಪದ್ಧತಿಯಂತೆ ಉಪಚಾರಕ್ಕೆ ಹಾಗಂದೆ, ಬಾಯಿ ಅಭ್ಯಾಸ, ಎಂದು ಹೇಳಿಕೊಂಡು ಇಷ್ಟು ವರ್ಷ ಕಳೆದಿದ್ದೇನೆ. ಅದು ಸುಳ್ಳು. ಬೆಳಗಿನಿಂದ ಹಣ್ಣು ಹೋಗಿತ್ತು, ಗೋಪುರ ಹೋಗಿತ್ತು, ತಟ್ಟೆಯಲ್ಲಿದ್ದ ಪಲ್ಯ ಹೋಗಿತ್ತು. ಆ ಊರಿನಲ್ಲಿ ಎರಡನೇ ಸಲ ಯಾರೂ ಕೇಳುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಮನೆಯ ಬೆಳಗು. ಒಲೆ ಹಚ್ಚುವವರಿಲ್ಲ, ನನ್ನ ಮಾತ್ರೆ ಎತ್ತಿಕೊಡುವವರಿಲ್ಲ, ಅಕ್ಕ ಎಲ್ಲಪ್ಪ ಎಂದು ಕೇಳಿದವರಿಗೆ ಹೇಳಲು ಉತ್ತರವಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು, ನಾನು ಮಾತು ವಾಪಸು ತೆಗೆದುಕೊಳ್ಳಲಿ ಎಂದು. ತಮಾಷೆಗೆ ಅಂದೆ ಕಣಕ್ಕ, ನಿನಗೆ ಬೇಕಾದ್ದು ಹೇಳು ಅಂದಿದ್ದರೆ ಮುಗಿದಿತ್ತು. ನಾನು ಮೊಸರಿನ ಬಟ್ಟಲು ನೋಡುತ್ತ ಕೂತೆ.

"ಅವನು ಹೇಳಿದ್ನಲ್ಲವ್ವ, ಅದೇ" ಅಂದಳು ಅಕ್ಕ. ಹತ್ತು ಜನರೆದುರು ತಮ್ಮನ ಮಾತು ತೆಗೆದುಹಾಕಿ ಅವಳಿಗೆ ಗೊತ್ತೇ ಇರಲಿಲ್ಲ.

ತಮೀರಾ ಬೆರ್ನೂಶನಿಗೆ ಏನೋ ಹೇಳಿದಳು. ಒಂದೇ ಒಂದು ಪದ.

ಅಕ್ಕ ಬೆಚ್ಚಿಬಿದ್ದು ಎರಡು ಕೈಯಲ್ಲೂ ಕುರ್ಚಿ ಹಿಡಿದುಕೊಂಡಳು. ಅವಳ ಕಣ್ಣು ಗೋಡೆಯ ಮೇಲೆ, ಒಲೆಯ ಮೇಲೆ, ಮೆಟ್ಟಿಲ ಮೇಲೆ ಹರಿದಾಡಿತು, ಎಲ್ಲೂ ನಿಲ್ಲಲಿಲ್ಲ. "ಬಯಲಾಗೆ ಕುಂತೀನಲ್ಲೋ" ಅಂದಳು. ಎದುರಿಗೇ ಬೆರ್ನೂಶ್ ಕೂತಿದ್ದ. ಮೇಜಿನ ಮೇಲೆ ಬಾಗಿ ಅವಳಿಗೆ ಏನೋ ಹೇಳಿದ, ಮತ್ತೊಮ್ಮೆ ಹೇಳಿದ. ಅಕ್ಕ ಅವನ ಮುಖದ ಮೂಲಕ ಸಮುದ್ರ ನೋಡುತ್ತಿದ್ದಳು.

"ಇಲ್ಲೇ ಅದಾರೇನೋ ಅವರು?" ಎಂದು ಮೆಲ್ಲಗೆ ಕೇಳಿದಳು.

"ಒಳಗೆ ಹೋದ್ರಕ್ಕ."

ಬಾಗಿಲು ಅವಳಿಗೆ ಕಾಣುತ್ತಿರಲಿಲ್ಲವಾದ್ದರಿಂದ ಕೈಹಿಡಿದು ಹೊರಗೆ ಕರೆತಂದೆ. ಹೊಸ್ತಿಲಲ್ಲಿ ಎಡವದಂತೆ, ಕಾಲೆತ್ತು ಎಂದು ಹೇಳಬೇಕಾಯಿತು. ಆಮೇಲೆ ಒಂದು ಅರಮನೆ, ಒಂದು ಹೂದೋಟ, ಏನೇನೋ ನೋಡಿದೆವಂತೆ. ತಮೀರಾ ಎಲ್ಲದರ ಇತಿಹಾಸ ಹೇಳಿದಳು, ನನ್ನ ಮುಖ ಮಾತ್ರ ನೋಡಲಿಲ್ಲ. ಅಕ್ಕ ಎಲ್ಲದಕ್ಕೂ ಚೆನ್ನಾಗೈತೆ ಅಂದಳು. ನನ್ನ ಮೇಲೆ ಒಂದು ಮಾತು ಆಡಲಿಲ್ಲ. ಬೈದಿದ್ದರೆ ನಾನೂ ಜಗಳವಾಡಿ, ನನ್ನದೇ ಸರಿ ಎಂದು ಸಾಧಿಸಿ, ಹಗುರಾಗುತ್ತಿದ್ದೆನೇನೋ. ಬಿಸಿಲು ಇಳಿಯುವ ಹೊತ್ತಿಗೆ ಅವಳಿಗೆ ಕಾಲು ಸೋತಿತ್ತು. ಬಂದರಿನ ಗೋಡೆಯ ಮೇಲೆ ಕೂತು ಅಂಗೈಗೆ ಮೆತ್ತಿದ್ದ ಒಣಹಿಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಆ ಹಿಟ್ಟು ಅವಳಿಗೆ ಕಾಣುತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಆರಕ್ಕೆ ಹತ್ತು ನಿಮಿಷ ಇರುವಾಗ ಹಡಗು ಹತ್ತಿದೆವು. ಎಲ್ಲರೂ ಕಟಕಟೆಗೆ ಒರಗಿ ದಡದವರಿಗೆ ಕೈಬೀಸುತ್ತಿದ್ದರು. ಅಕ್ಕ ನನ್ನ ಪಕ್ಕ ನಿಂತು, ದಡದ ಮೇಲಿನ ಜನರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಬಕ್ಕೇಶಿ, ಅವರು ಬಂದಾರೇನೋ ನೋಡು. ನಿನಗೆ ಕಾಣ್ತಾರಲ್ಲ. ಎಲ್ಲಿ ನಿಂತಾರೆ ಹೇಳು, ಆ ಕಡೆ ತಿರುಗಿ ಒಂದು ಕೈಮುಗೀತೀನಿ."

ಅವನು ಬಂದಿದ್ದ. ಬಲಗಡೆ, ದಪ್ಪ ಹಗ್ಗದ ಸುರುಳಿಯ ಹತ್ತಿರ, ತೊಳೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ನಿಂತಿದ್ದ. ಅಕ್ಕನನ್ನೇ ನೋಡುತ್ತಿದ್ದ. ಹಡಗಿನ ಏಣಿ ಇನ್ನೂ ಎತ್ತಿರಲಿಲ್ಲ. ಬಂದಿದ್ದಾರೆ ಎಂದು ನಾನು ಬೆರಳು ತೋರಿಸಿದರೆ ಅವಳು ಬರೀ ಕೈಮುಗಿದು ಸುಮ್ಮನಾಗುತ್ತಾಳೆ ಎಂಬ ನಂಬಿಕೆ ನನಗಿರಲಿಲ್ಲ. ಕಾಣದ ಮನೆಯ ಕಾಣದ ಮೆಟ್ಟಿಲನ್ನು ತಡಕಿಕೊಂಡಾದರೂ ಹತ್ತಿಬಿಟ್ಟಾಳು ಎಂದು ಹೆದರಿದೆ.

"ಇಲ್ಲಕ್ಕ, ಬಂದಿಲ್ಲ" ಅಂದೆ.

"ಪಾಪ, ಗಿರಾಕಿ ಬರೋ ಹೊತ್ತು. ಒಬ್ಬರೇ ಹೆಂಗ್ ಬಿಟ್ಟು ಬಂದಾರು" ಅಂದಳು ಅಕ್ಕ. ಅವನ ಪರವಾಗಿ ಅವಳೇ ಸಮಾಧಾನ ಹೇಳಿದಳು.

ಏಣಿ ಎತ್ತಿದರು. ಹಡಗು ಅಲುಗಿತು. ಅಕ್ಕ ಆದರೂ ಕೈಮುಗಿದಳು. ಎಡಗಡೆ, ಯಾರೂ ಇಲ್ಲದ ಒಂದು ಜಾಗದ ಕಡೆ ತಿರುಗಿ, ಎರಡೂ ಕೈ ಎದೆಗೆ ತಂದು, ಕಣ್ಣು ಮುಚ್ಚದೆ ನಿಂತಳು. ಬೆರ್ನೂಶ್ ಅದನ್ನು ನೋಡಿದ. ಹಗ್ಗದ ಸುರುಳಿ ದಾಟಿ, ಜನರನ್ನು ತಳ್ಳಿಕೊಂಡು, ಆ ವಯಸ್ಸಿನಲ್ಲಿ ಓಡಿದ. ಅವಳ ಕೈ ತೋರುತ್ತಿದ್ದ ಜಾಗ ಸಿಗುವವರೆಗೂ ಓಡಿ, ಸರಿಯಾಗಿ ಅಲ್ಲಿ ಹೋಗಿ ನಿಂತ. ಕೈಮುಗಿಯುವುದು ಅವರ ಊರಿನ ಪದ್ಧತಿಯಲ್ಲ. ಅವಳ ಕೈ ನೋಡಿಕೊಂಡು ತನ್ನ ಬೆರಳು ಜೋಡಿಸಿದ. ಹಡಗು ಬಂದರಿನ ಕಟ್ಟೆ ದಾಟುವವರೆಗೂ ಇಬ್ಬರೂ ಎದುರುಬದುರು ಹಾಗೇ ನಿಂತಿದ್ದರು.

"ಯಾರಿಗೆ ಮುಗಿದೆನೋ ಏನೋ" ಎಂದು ಅಕ್ಕ ನಾಚಿಕೊಂಡು ಕೈ ಇಳಿಸಿದಳು. ಆಮೇಲೆ ಅವಳು ಏಳು ವರ್ಷ ಬದುಕಿದ್ದಳು, ನನಗೆ ದಿನಾ ರೊಟ್ಟಿ ಬಡಿದು ಹಾಕಿದಳು. ಅಲ್ಲಿ ಯಾರು ನಿಂತಿದ್ದರು ಎಂದು ನಾನು ಹೇಳಲಿಲ್ಲ.